ಕಿಟಕಿಯಲ್ಲಿ ಅಳವಿ ಸೊಪ್ಪು, ಉಂಡಿಯಲ್ಲಿ ಅಳವಿ ಬೀಜ

🌱 *ಆರೋಗ್ಯ ಮಾಲೆ: ಅಡುಗೆಮನೆಯ ಬೀಜಗಳು*



ಉತ್ತರ ಕರ್ನಾಟಕದ ಮನೆಗಳಲ್ಲಿ ಬಾಣಂತಿಗೆ ಅಂಟಿನುಂಡಿ ಕಟ್ಟುವಾಗ ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲದ ಜೊತೆ ಕೆಂಪು ಮಿಶ್ರಿತ ಕಂದು ಬಣ್ಣದ ಸಣ್ಣ ಬೀಜವೊಂದು ಬೀಳುತ್ತದೆ. ಅದೇ *ಅಳವಿ*. ಕೆಲವರು ಆಳ್ವಿ ಎನ್ನುತ್ತಾರೆ. ಇದು ಸಾಸಿವೆಯ ಕುಟುಂಬದ ಗಿಡ. ಬೀಜ ಉಂಡಿಗೆ, ಪಾಯಸಕ್ಕೆ ಆಗುತ್ತದೆ. ಇದರ ಎಳೆಯ ಸೊಪ್ಪನ್ನೂ ತಿನ್ನಬಹುದು, ಅದನ್ನು ಫ್ಲ್ಯಾಟಿನ ಕಿಟಕಿಯಲ್ಲೇ ಬೆಳೆಯಬಹುದು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಬೆಳೆಯುವ ಕ್ರಮಕ್ಕೆ ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ಮಾತು ಹೇಳುತ್ತೇನೆ.

ನಾವು ಪುಣೆಯಲ್ಲಿ ಇರುವವರು. ನಾದಿನಿಯ ಮಗಳ ಬಾಣಂತನ ಇಲ್ಲೇ ಆಯಿತು. ಧಾರವಾಡದಿಂದ ಅವಳ ಅಜ್ಜಿ ಡಬ್ಬಿ ತುಂಬ ಅಳವಿ ಹಾಕಿದ ಉಂಡಿ ಕಳಿಸಿದರು. ಅದೇ ಹೊತ್ತಿಗೆ ಮೊಬೈಲಿಗೆ ಒಂದು ಸಂದೇಶ ಬಂತು: "ಅಳವಿಯಲ್ಲಿ ಕಬ್ಬಿಣಾಂಶ ತುಂಬಿ ತುಳುಕುತ್ತದೆ, ಮಾತ್ರೆಯ ಅಗತ್ಯವೇ ಇಲ್ಲ." ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕಬ್ಬಿಣದ ಮಾತ್ರೆಯಿಂದ ಹುಡುಗಿಗೆ ಮಲಬದ್ಧತೆ ಆಗುತ್ತಿತ್ತು. ಸಂದೇಶ ಓದಿ ಮಾತ್ರೆ ಬಿಟ್ಟುಬಿಟ್ಟಳು, ಯಾರಿಗೂ ಹೇಳಲಿಲ್ಲ. ಎರಡು ತಿಂಗಳಿಗೆ ಮೆಟ್ಟಿಲು ಹತ್ತಿದರೆ ಎದೆ ಬಡಿತ, ಮಗುವನ್ನು ಎತ್ತಿದರೆ ಕೈ ನಡುಕ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4.

ವೈದ್ಯರು ಮಾತ್ರೆ ಬದಲಿಸಿ ಮತ್ತೆ ಶುರು ಮಾಡಿಸಿದರು. ಉಂಡಿಯನ್ನೂ ಬಿಡಬೇಡ ಎಂದರು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 11.6ಕ್ಕೆ ಬಂತು. ವಿಷಯ ತಿಳಿದ ಅಜ್ಜಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಉಂಡಿ ತಿನ್ನು ಅಂದಿದ್ದೆ ನಾ. ಗುಳಿಗಿ ಬಿಡು ಅಂತ ಯಾವಾಗ ಅಂದಿದ್ದೆ ತಂಗಿ?"

*ಲೆಕ್ಕ ಒಮ್ಮೆ ನೋಡಿ*

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ 100 ಗ್ರಾಂ ಅಳವಿ ಬೀಜಕ್ಕೆ 100 ಮಿ.ಗ್ರಾಂ ಕಬ್ಬಿಣಾಂಶ ಎಂದಿದೆ. ಸಂದೇಶಗಳಲ್ಲಿ ಓಡಾಡುವುದು ಇದೇ ಅಂಕಿ. ಅನಂತರದ ಹಲವು ಪರೀಕ್ಷೆಗಳಲ್ಲಿ ಇದಕ್ಕಿಂತ ಬಹಳ ಕಡಿಮೆ ಸಿಕ್ಕಿದೆ. ಇರಲಿ, ದೊಡ್ಡ ಅಂಕಿಯನ್ನೇ ಹಿಡಿಯೋಣ. ನಾವು ಯಾರೂ ದಿನಕ್ಕೆ 100 ಗ್ರಾಂ ಅಳವಿ ತಿನ್ನುವುದಿಲ್ಲ. ಒಂದು ಚಹಾ ಚಮಚ ಎಂದರೆ ಸುಮಾರು 5 ಗ್ರಾಂ. ಅದರಲ್ಲಿ ಹೆಚ್ಚೆಂದರೆ 5 ಮಿ.ಗ್ರಾಂ ಕಬ್ಬಿಣ. ಸಸ್ಯಾಹಾರದ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ಸ್ವಲ್ಪ ಭಾಗ ಮಾತ್ರ.

ನಮ್ಮ ದೇಶದ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ, ಪುರುಷರಿಗೆ 19 ಮಿ.ಗ್ರಾಂ ಕಬ್ಬಿಣ ಬೇಕು. ಸರ್ಕಾರದ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲಿ ಗರ್ಭಿಣಿ ಮತ್ತು ಬಾಣಂತಿಗೆ ಕೊಡುವ ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ಗರ್ಭಿಣಿಯಾಗಿದ್ದಾಗ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತೆಗೆದುಕೊಳ್ಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ನೆನಪಿಡಿ: *ಅಳವಿ ಒಳ್ಳೆಯ ಆಹಾರ, ಮಾತ್ರೆಗೆ ಬದಲಿ ಅಲ್ಲ.* ಮಾತ್ರೆ ಒಗ್ಗದಿದ್ದರೆ ವೈದ್ಯರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

*ಅಂಗಡಿಯಲ್ಲಿ ಏನೆಂದು ಕೇಳಬೇಕು?*

▪️ ಮುಂಬಯಿ, ಪುಣೆ: ಅಳೀವ ಅಥವಾ ಹಳೀವ
▪️ ದೆಹಲಿ: ಹಾಲಿಮ್ ಅಥವಾ ಚಂದ್ರಶೂರ
▪️ ಹೈದರಾಬಾದ್: ತೆಲುಗಿನಲ್ಲಿ ಆದಿತ್ಯಾಲು. ಹಲೀಮ್ ಎಂದಷ್ಟೇ ಕೇಳಿದರೆ ರಂಜಾನ್ ತಿಂಗಳ ಮಾಂಸದ ಅಡುಗೆ ಎಂದುಕೊಂಡಾರು, "ಹಲೀಮ್ ಬೀಜ" ಎನ್ನಿ
▪️ ಚೆನ್ನೈ: ಎಚ್ಚರ. "ಆಳಿ ವಿದೈ" ಎಂದರೆ ಅಗಸೆ ಬೀಜ ಕೈಗೆ ಬರಬಹುದು

ಅಗಸೆ ದೊಡ್ಡದು, ಚಪ್ಪಟೆ, ಹೊಳಪು. ಅಳವಿ ಎಳ್ಳಿಗಿಂತ ಸಣ್ಣದು. ಸಂಶಯವಿದ್ದರೆ ಒಂದು ಚಿಟಿಕೆ ನೀರಿಗೆ ಹಾಕಿ. ಹದಿನೈದು ನಿಮಿಷದಲ್ಲಿ ಪ್ರತಿ ಕಾಳಿನ ಸುತ್ತ ಪಾರದರ್ಶಕ ಲೋಳೆ ಕಟ್ಟಿದರೆ ಅದು ಅಳವಿ. ಕಾಮಕಸ್ತೂರಿ ಬೀಜಕ್ಕೂ ಹೀಗೆ ಲೋಳೆ ಬರುತ್ತದೆ, ಆದರೆ ಅದು ಕಪ್ಪಗಿರುತ್ತದೆ.

*ಕಿಟಕಿಯಲ್ಲಿ ಬೆಳೆಯುವ ಕ್ರಮ*

ಹೆಸರುಕಾಳಿನಂತೆ ಇದನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಲು ಆಗುವುದಿಲ್ಲ. ಲೋಳೆಯಿಂದಾಗಿ ಎಲ್ಲ ಅಂಟಿಕೊಂಡು ಕೊಳೆಯುತ್ತದೆ. ಹೀಗೆ ಮಾಡಿ:

1. ತಿನ್ನಲು ಮಾರುವ ಬೀಜವನ್ನೇ ತನ್ನಿ. ಬಿತ್ತನೆ ಬೀಜಕ್ಕೆ ಔಷಧಿ ಲೇಪಿಸಿರಬಹುದು, ಅದು ಬೇಡ.
2. ಅಗಲವಾದ ತಟ್ಟೆಯಲ್ಲಿ ಹತ್ತಿ ಅಥವಾ ಮೂರ್ನಾಲ್ಕು ಪದರ ಟಿಶ್ಯೂ ಕಾಗದ ಹಾಸಿ. ತೆಂಗಿನ ನಾರಿನ ಪುಡಿಯೂ ಆದೀತು. ಒದ್ದೆ ಮಾಡಿ, ಹೆಚ್ಚಾದ ನೀರನ್ನು ಬಸಿಯಿರಿ.
3. ಒಂದು ಚಮಚ ಬೀಜವನ್ನು ಒಂದರ ಮೇಲೊಂದು ಬೀಳದಂತೆ ತೆಳ್ಳಗೆ ಉದುರಿಸಿ. ಮೇಲೆ ಮಣ್ಣು ಮುಚ್ಚಬೇಡಿ.
4. ಒಂದೆರಡು ದಿನ ಇನ್ನೊಂದು ತಟ್ಟೆ ಮುಚ್ಚಿಡಿ. ಮೊಳಕೆ ಕಂಡಮೇಲೆ ತೆಗೆದು, ಬೆಳಕು ಬರುವ ಕಿಟಕಿಯಲ್ಲಿಡಿ. ಸುಡುಬಿಸಿಲು ಬೇಡ.
5. ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿ. ನೀರು ನಿಲ್ಲಬಾರದು.
6. ಏಳರಿಂದ ಹತ್ತು ದಿನಕ್ಕೆ ಎರಡು ಅಂಗುಲ ಬೆಳೆಯುತ್ತದೆ. ಕತ್ತರಿಯಿಂದ ಬುಡದ ಮೇಲೆ ಕತ್ತರಿಸಿ, ತೊಳೆದು ಬಳಸಿ. ಇದು ಮತ್ತೆ ಚಿಗುರುವುದು ಅಪರೂಪ, ಐದು ದಿನಕ್ಕೊಮ್ಮೆ ಹೊಸ ತಟ್ಟೆ ಹಾಕಿ.

ಮೂರನೇ ದಿನ ಬೇರಿನ ಸುತ್ತ ಬಿಳಿ ನವಿರು ಕಂಡು ಬೂಷ್ಟು ಎಂದು ಎಸೆಯುವವರಿದ್ದಾರೆ. ನೀರು ಚಿಮುಕಿಸಿ ನೋಡಿ. ಬೇರಿನ ಕೂದಲಾದರೆ ಮುದುಡಿ ಕಾಣದಾಗುತ್ತದೆ. ಜೇಡರ ಬಲೆಯಂತೆ ಹರಡಿ ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು, ಇಡೀ ತಟ್ಟೆ ಎಸೆಯಿರಿ. ಮುಂಬಯಿಯ ಮಳೆಗಾಲದಲ್ಲಿ ನೀರು ಕಡಿಮೆ ಹಾಕಿ, ಗಾಳಿಯಾಡಲು ಬಿಡಿ. ದೆಹಲಿಯ ಚಳಿಗೆ ನಾಲ್ಕು ದಿನ ಹೆಚ್ಚು ಹಿಡಿಯಬಹುದು. ಮೊಮ್ಮಕ್ಕಳಿದ್ದರೆ ನೀರು ಚಿಮುಕಿಸುವ ಕೆಲಸ ಅವರಿಗೇ ಕೊಡಿ.

*ತಿನ್ನುವ ಬಗೆ*

ಸೊಪ್ಪಿಗೆ ಸಾಸಿವೆಯಂಥ ಸಣ್ಣ ಖಾರ ಇರುತ್ತದೆ. ಕೋಸಂಬರಿಗೆ, ಮೊಸರು ಬಜ್ಜಿಗೆ, ಅವಲಕ್ಕಿ ಮೇಲೆ ಉದುರಿಸಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಜೊತೆ ಒಂದು ಹಿಡಿ ಇಟ್ಟುಕೊಂಡರೆ ಬಹಳ ರುಚಿ. ಸೊಪ್ಪಿನಲ್ಲಿ ಸಿ ಜೀವಸತ್ವ ಚೆನ್ನಾಗಿದೆ. ಊಟದಲ್ಲಿರುವ ಕಬ್ಬಿಣ ದೇಹಕ್ಕೆ ಹತ್ತಲು ಅದು ನೆರವಾಗುತ್ತದೆ. ಬೇಯಿಸಿದರೆ ಅದರ ಬಹುಭಾಗ ಹೋಗುತ್ತದೆ.

ಬೀಜವನ್ನು ಯಾವಾಗಲೂ ಕೆಲವು ಗಂಟೆ ನೆನೆಸಿಯೇ ಬಳಸಿ. ಒಣ ಬೀಜ ನುಂಗಿದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ಹಾಲು, ಬೆಲ್ಲ, ಏಲಕ್ಕಿ ಹಾಕಿದ ಅಳವಿ ಪಾಯಸ ನಮ್ಮ ರೂಢಿ. ಎಳನೀರಿನಲ್ಲಿ ನೆನೆಸಿ ತೆಂಗಿನತುರಿ, ಬೆಲ್ಲದ ಜೊತೆ ಕಾಯಿಸಿ ಕಟ್ಟುವ ಲಾಡು ಮರಾಠಿ ಮನೆಗಳದು. ರಕ್ತಕ್ಕಾಗಿಯೇ ತಿನ್ನುವವರು ನೆನೆಸಿದ ಬೀಜಕ್ಕೆ ನಿಂಬೆರಸ ಹಿಂಡಿ ಕುಡಿಯಿರಿ. ಹಾಲು, ಚಹಾ, ಕಾಫಿ ಕಬ್ಬಿಣವನ್ನು ಹತ್ತಗೊಡುವುದಿಲ್ಲ, ಅವುಗಳಿಗೆ ಒಂದು ಗಂಟೆ ಅಂತರ ಇರಲಿ. ಮಾತ್ರೆಗೂ ಇದೇ ಮಾತು. ದಿನಕ್ಕೆ ಒಂದು ಚಮಚ ಬೀಜ ಸಾಕು.

*ಯಾರು ಎಚ್ಚರ ವಹಿಸಬೇಕು?*

❗ ಗರ್ಭಿಣಿಯರು ಅಳವಿ ಬೀಜ ತಿನ್ನಬಾರದು ಎನ್ನುವುದು ಹಿರಿಯರ ಮಾತು. ಬಾಣಂತಿಗೆ ಕೊಡುವುದನ್ನು ಬಸುರಿಗೆ ಕೊಡಬೇಡಿ.
❗ ಥೈರಾಯ್ಡ್ ತೊಂದರೆ ಇರುವವರು, ಸಕ್ಕರೆ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ದಿನನಿತ್ಯ ಬಳಸಿ.
❗ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಇದ್ದರೆ ಸೊಪ್ಪನ್ನು ಕೇಳದೆ ತಿನ್ನಬೇಡಿ. ಇದರಲ್ಲಿ ಕೆ ಜೀವಸತ್ವ ಬಹಳ ಇದೆ.
❗ ಗರ್ಭಿಣಿಯರು, ತೀರಾ ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಹಸಿ ಮೊಳಕೆ ಬೇಡ. ಮನೆಯ ಹಿರಿಯರಿಗೆ ಕುದಿಯುವ ಸಾರಿಗೆ ಸೊಪ್ಪು ಹಾಕಿ ಕೊಡಿ.

ಬೇಗ ಸುಸ್ತು, ಎದೆಬಡಿತ, ಬಿಳಿಚಿದ ಉಗುರು ಕಂಡರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಅದಕ್ಕೆ ಮಾತ್ರೆಯೂ ಬೇಕು, ಊಟವೂ ಬೇಕು.

ನಿಮ್ಮ ಬಳಗದಲ್ಲಿ ಬಾಣಂತಿ ಇದ್ದರೆ ಈ ಸಂದೇಶ ಅವರಿಗೆ ತಪ್ಪದೆ ಕಳಿಸಿ. ಉಂಡಿ ಕಳಿಸುವಾಗ "ಗುಳಿಗೆ ತಗೊಂಡೆಯಾ?" ಎಂದು ಒಂದು ಮಾತು ಕೇಳಿ.

ಆರೋಗ್ಯವೇ ಭಾಗ್ಯ 🙏