ತಿರುಗುವ ತಟ್ಟೆಯೋ, ತಿರುಗದ ಪೆಟ್ಟಿಗೆಯೋ?

ಎಂಟು ಹತ್ತು ವರ್ಷಗಳ ಹಿಂದೆ ಕೊಂಡ ಲ್ಯಾಪ್‌ಟಾಪೊಂದು ಇಂದು ಅನೇಕ ಮನೆಗಳ ಮೂಲೆಯಲ್ಲಿರುವುದುಂಟು. ಹೊಸದರಲ್ಲಿ ಅದಕ್ಕಿದ್ದ ಮರ್ಯಾದೆಯೇ ಬೇರೆ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಹೂ ಮುಡಿದು ಕುಳಿತ ಯಂತ್ರವದು. ಈಗಲೋ, ಅದರ ಗುಂಡಿಯನ್ನೊತ್ತಿ ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದರೂ ಪರದೆಯ ಮೇಲೆ ಚುಕ್ಕಿಗಳ ಚಕ್ರ ಸುತ್ತುತ್ತಲೇ ಇರುತ್ತದೆ. ಮಗಳ ಪ್ರಬಂಧ ನಾಳೆ ಕಾಲೇಜಿಗೆ ಸಲ್ಲಬೇಕು, ವಿದ್ಯುತ್ ಬಿಲ್ಲಿಗೆ ಇಂದೇ ಕಡೆಯ ದಿನ. ಇಂಥ ಗಳಿಗೆಯಲ್ಲಿ ಮನೆಯಲ್ಲಿ ಮೂರು ಪಕ್ಷಗಳೇಳುತ್ತವೆ. ನಲವತ್ತೈವತ್ತು ಸಾವಿರ ಹೋದರೂ ಸರಿ, ಹೊಸದನ್ನೇ ತರಬೇಕೆಂಬುದು ಮಕ್ಕಳ ಪಕ್ಷ. ನಡೆಯುವಷ್ಟು ದಿನ ನಡೆಯಲಿ ಎಂಬುದು ಅಜ್ಜನ ಪಕ್ಷ. ಒಳಗಿನ ಹಾರ್ಡ್ ಡಿಸ್ಕನ್ನು ಕಿತ್ತುಹಾಕಿ, ಕೆಲವೇ ಸಾವಿರಕ್ಕೆ ದೊರೆಯುವ ‘ಎಸ್‌ಎಸ್‌ಡಿ’ಯನ್ನು ಹಾಕಿಸಿದರೆ ಹಳೆಯದೇ ಹೊಸದಾಗುವುದೆಂದು ರಿಪೇರಿಯವನು ಹೇಳಿದನೆಂಬುದು ಯಜಮಾನರ ಪಕ್ಷ.

ಮೂರನೆಯ ಪಕ್ಷ ಬಹುಮಟ್ಟಿಗೆ ಸರಿಯಾದುದೇ. ಆದರೆ ‘ಬಹುಮಟ್ಟಿಗೆ’ ಎಂಬ ಮಾತನ್ನು ನಂಬಿ ಸಂಸಾರವಂದಿಗನು ಹಣದ ಚೀಲ ಬಿಚ್ಚಲಾಗದು. ಯಾವಾಗ ಸರಿ, ಯಾವಾಗ ತಪ್ಪು ಎಂಬುದು ತಿಳಿಯಬೇಕಾದರೆ, ಆ ಕಾಯುವಿಕೆ ಎಲ್ಲಿ ಹುಟ್ಟುತ್ತದೆಂಬುದನ್ನು ಮೊದಲು ನೋಡಬೇಕು.

ಹಾರ್ಡ್ ಡಿಸ್ಕಿನ ಒಳಗೆ ಗ್ರಾಮಫೋನಿನಂತೆಯೇ ಒಂದು ತಟ್ಟೆಯುಂಟು, ಅದರ ಮೇಲೆ ಆಡುವ ಒಂದು ತೋಳುಂಟು. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ತಾಗಿಯೇ ಹಾಡಬೇಕು. ಇಲ್ಲಿ ಮಾತ್ರ ತೋಳಿನ ತುದಿ ಕೂದಲಿನ ದಪ್ಪಕ್ಕಿಂತಲೂ ಬಹು ಕಡಿಮೆ ಅಂತರದಲ್ಲಿ, ಗಾಳಿಯ ಮೇಲೆ ತೇಲುತ್ತಿರುತ್ತದೆ. ತಾಗಿತೆಂದರೆ ಅನಾಹುತ. ಸಾಮಾನ್ಯ ಲ್ಯಾಪ್‌ಟಾಪಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ಸುತ್ತುವುದು. ಕೇಳುವುದಕ್ಕೆ ಇದೊಂದು ಮಹಾ ವೇಗವೇ ಸರಿ. ಆದರೂ ಬೇಕಾದ ಅಕ್ಷರವಿರುವ ಸಾಲಿಗೆ ತೋಳು ಸರಿಯಬೇಕು, ಆ ಮೇಲೆ ಆ ಅಕ್ಷರ ತಿರುಗಿ ತೋಳಿನ ಕೆಳಕ್ಕೆ ಬರುವ ತನಕ ಕಾಯಬೇಕು. ತೋಳು ಸರಿಯಲು ಸೆಕೆಂಡಿನ ಸಾವಿರದ ಹತ್ತು ಹನ್ನೆರಡು ಪಾಲು. ತಟ್ಟೆ ಅರ್ಧ ಸುತ್ತಲು ಐದೂವರೆ ಪಾಲು. ಎರಡೂ ಸೇರಿ ಸುಮಾರು 16 ಪಾಲೆನ್ನಬಹುದು.

ಇದೇನು ಮಹಾ ಎಂದು ತೋರುವುದು ಸಹಜ. ಆದರೆ ಗಣಕಯಂತ್ರವು ನಿದ್ದೆಯಿಂದೇಳುವಾಗ ಒಂದೇ ಕಡತವನ್ನು ನೆಟ್ಟಗೆ ಓದಿ ಮುಗಿಸುವುದಿಲ್ಲ. ತಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಚದುರಿಬಿದ್ದ ಸಾವಿರಾರು ಚೂರುಗಳನ್ನು ಆಯಬೇಕು. ಹತ್ತು ಸಾವಿರ ಬಾರಿ ಹೀಗೆ ಹುಡುಕಬೇಕೆಂದು ಇಟ್ಟುಕೊಂಡರೆ, ತಲಾ 16 ಪಾಲಿನಂತೆ 160 ಸೆಕೆಂಡು, ಎಂದರೆ ಎರಡೂವರೆ ನಿಮಿಷಕ್ಕೂ ಮೀರಿತು! ಕಾಫಿ ಬೆರೆಸಿ ಬಂದರೂ ಚಕ್ರ ನಿಲ್ಲದಿರುವ ಗುಟ್ಟು ಇದೇ. ಅಲ್ಲಿ ನಡೆಯುತ್ತಿರುವುದು ಯೋಚನೆಯಲ್ಲ, ಓಡಾಟ. ದಫ್ತರಖಾನೆಯ ಮುದಿ ಗುಮಾಸ್ತನೊಬ್ಬ ಒಂದೊಂದು ಹಾಳೆಗೂ ಏಣಿ ಹತ್ತಿ ಇಳಿಯುತ್ತಿದ್ದಾನೆ. ಸಾಹೇಬರು ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಾರೆ.

ಈ ಗುಮಾಸ್ತನ ವಂಶಾವಳಿಯೂ ಸ್ವಾರಸ್ಯವಾದುದು. ಕನ್ನಡನಾಡು ಒಂದಾದ 1956ರಲ್ಲಿಯೇ, ಅಮೆರಿಕೆಯ ಐಬಿಎಂ ಕಂಪನಿಯು ‘ರಾಮ್ಯಾಕ್’ ಎಂಬ ಯಂತ್ರದೊಡನೆ ಪ್ರಪಂಚದ ಮೊದಲನೆಯ ವಾಣಿಜ್ಯ ಡಿಸ್ಕನ್ನು ಹೊರತಂದಿತು. ಎರಡಡಿ ಅಗಲದ ಐವತ್ತು ತಟ್ಟೆಗಳು. ತೂಕ ಒಂದು ಟನ್ನಿಗೂ ಮಿಗಿಲು. ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರ. ಇಂದಿನ ಮೊಬೈಲಿನಲ್ಲಿ ತೆಗೆದ ಮೊಮ್ಮಗುವಿನ ಒಂದು ಚಿತ್ರಕ್ಕೆ ಅಷ್ಟು ಸ್ಥಳ ಸರಿಹೋದೀತು! ಇದನ್ನು ಬೇಕಾದವರು ತಿಂಗಳಿಗೆ 3,200 ಡಾಲರ್ ಬಾಡಿಗೆ ತೆತ್ತು ಇಟ್ಟುಕೊಳ್ಳಬೇಕಾಗಿತ್ತು. ಅಲ್ಲಿಂದೀಚೆಗೆ ತಟ್ಟೆ ಅಂಗೈಯಗಲಕ್ಕೆ ಇಳಿಯಿತು, ಹಿಡಿಸುವ ಅಕ್ಷರಗಳು ಲಕ್ಷಾಂತರ ಪಟ್ಟು ಹೆಚ್ಚಿದುವು. ಹುಡುಕುವ ವೇಗ ಮಾತ್ರ ಆ ಪ್ರಮಾಣದಲ್ಲಿ ಏರಲಿಲ್ಲ. ರಾಮ್ಯಾಕಿನ ತೋಳಿಗೆ ಸೆಕೆಂಡಿನ ಸಾವಿರದ 600 ಪಾಲು ಬೇಕಾಗಿದ್ದರೆ ಇಂದಿನದಕ್ಕೆ ಹತ್ತು ಹನ್ನೆರಡು ಸಾಕು. ಏಳು ದಶಕಗಳ ಸಾಹಸಕ್ಕೆ ಐವತ್ತು ಅರವತ್ತು ಪಟ್ಟು ಲಾಭ. ಲೋಹದ ತೋಳನ್ನು ಅತ್ತಿತ್ತ ಆಡಿಸುವುದಕ್ಕೆ ನಿಸರ್ಗವೇ ಒಂದು ಮಿತಿಯನ್ನಿಟ್ಟಿದೆ.

ಎಸ್‌ಎಸ್‌ಡಿ, ಎಂದರೆ ‘ಸಾಲಿಡ್ ಸ್ಟೇಟ್ ಡ್ರೈವ್’ನಲ್ಲಿ ಈ ತೋಳೂ ಇಲ್ಲ, ತಟ್ಟೆಯೂ ಇಲ್ಲ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೋ ಮಸುವೋಕಾ ಎಂಬ ವಿಜ್ಞಾನಿ 1980ರ ದಶಕದಲ್ಲಿ ರೂಪಿಸಿದ ‘ಫ್ಲ್ಯಾಷ್’ ಸ್ಮೃತಿಯೇ ಇದರ ಜೀವಾಳ. ವಿದ್ಯುತ್ತನ್ನು ಹರಿಯಗೊಡದ ಪದರಗಳ ನಡುವೆ ಎಲೆಕ್ಟ್ರಾನುಗಳನ್ನು ಸೆರೆಯಿಟ್ಟು, ಆ ಸೆರೆಯನ್ನೇ ಅಕ್ಷರವಾಗಿ ಓದುವ ಉಪಾಯವದು. ವಿದ್ಯುತ್ತು ನಿಂತರೂ ಸೆರೆ ಬಿಡುವುದಿಲ್ಲ. ಯಾವ ಮೂಲೆಯಲ್ಲಿರುವ ಚೂರನ್ನಾದರೂ ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಷ್ಟರಲ್ಲಿ ತಲುಪಬಹುದು. ಮೇಲಿನ ಲೆಕ್ಕದ ಹತ್ತು ಸಾವಿರ ಹುಡುಕಾಟಕ್ಕೆ ಇಲ್ಲಿ ಒಂದು ಸೆಕೆಂಡು ಸಾಕು. ಲ್ಯಾಪ್‌ಟಾಪ್ ಒಂದೇ ಸೆಕೆಂಡಿನಲ್ಲಿ ಎದ್ದು ಕೂರುವುದೆಂದು ಇದರ ಅರ್ಥವಲ್ಲ. ಓದಿದ್ದನ್ನು ಅರಗಿಸಿಕೊಳ್ಳುವ ಕೆಲಸ ಬೇರೆ ಇದ್ದೇ ಇದೆ. ಆದರೂ ನಿಮಿಷಗಳ ಕಾಯುವಿಕೆ ಇಪ್ಪತ್ತು ಮೂವತ್ತು ಸೆಕೆಂಡಿಗೆ ಇಳಿಯುವುದು ತೀರ ಸಾಮಾನ್ಯವಾದ ಅನುಭವ.

ಇನ್ನು ಹಣ ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆ. ಇದಕ್ಕೆ ಕಾಸೂ ಬೇಡ, ಪಂಡಿತರೂ ಬೇಡ. ವಿಂಡೋಸ್ ಇರುವ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರಲ್ಲಿ ಡಿಸ್ಕು, ಮೆಮೊರಿ, ಸಿಪಿಯು ಮೂವರ ದುಡಿಮೆಯೂ ಶೇಕಡಾ ಲೆಕ್ಕದಲ್ಲಿ ಕಾಣುವುದು. ಯಂತ್ರ ತೆವಳುತ್ತಿರುವಾಗಲೇ ಇದನ್ನು ನೋಡಬೇಕು. ಡಿಸ್ಕು ನೂರಕ್ಕೆ ನೂರು ದುಡಿಯುತ್ತ, ಸಿಪಿಯು ಹತ್ತಿಪ್ಪತ್ತರಲ್ಲಿ ಆಕಳಿಸುತ್ತಿದ್ದರೆ ಅಪರಾಧಿ ಸಿಕ್ಕಂತಾಯಿತು. ಸಿಪಿಯುವೇ ನೂರರಲ್ಲಿ ಏದುಸಿರು ಬಿಡುತ್ತಿದ್ದರೆ ಎಂಥ ಎಸ್‌ಎಸ್‌ಡಿ ಹಾಕಿದರೂ ಪ್ರಯೋಜನವಿಲ್ಲ. ಸಾಹೇಬರೇ ದಣಿದಿರುವಾಗ ಗುಮಾಸ್ತನನ್ನು ಬದಲಾಯಿಸಿ ಆಗುವುದೇನು?

ಇಲ್ಲಿ ಒಂದು ಮೋಸದ ತಿರುವುಂಟು. ಮೆಮೊರಿ, ಎಂದರೆ ‘ರ‍್ಯಾಮ್’ ನಾಲ್ಕೇ ಗಿಗಾಬೈಟಿದ್ದು, ಅದು ತೊಂಬತ್ತು ದಾಟಿ ತುಂಬಿಹೋಗಿದ್ದರೆ, ಯಂತ್ರವು ಹೆಚ್ಚಾದುದನ್ನು ಡಿಸ್ಕಿನ ಮೇಲೆ ಸುರಿಯುತ್ತ, ಮತ್ತೆ ಎತ್ತಿಕೊಳ್ಳುತ್ತ ಹೋಗುತ್ತದೆ. ಆಗಲೂ ಡಿಸ್ಕು ನೂರರಲ್ಲೇ ನಿಲ್ಲುವುದು. ಮೇಜು ಕಿರಿದಾದುದಕ್ಕೆ ಕಾಗದಗಳನ್ನು ನೆಲದ ಮೇಲಿಟ್ಟು ಪ್ರತಿಸಲವೂ ಬಗ್ಗಿ ಎತ್ತಿದಂತೆ. ಅಂತರ್ಜಾಲದ ಹತ್ತು ಹನ್ನೆರಡು ಪುಟಗಳನ್ನು ಒಟ್ಟಿಗೆ ತೆರೆದಿಡುವ ಮನೆಗಳಲ್ಲಿ ಇದೇ ರೋಗ ಹೆಚ್ಚು. ಎಸ್‌ಎಸ್‌ಡಿಯಿಂದ ಆಗಲೂ ಸ್ವಲ್ಪ ಶಮನವಾದೀತು, ನಿಜ; ಆದರೆ ತಕ್ಕ ಔಷಧ ಇನ್ನೊಂದು ರ‍್ಯಾಮ್ ಪಟ್ಟಿ. ಎರಡಕ್ಕೂ ಹಣವಿದ್ದರೆ ಎರಡನ್ನೂ ಹಾಕಿಸಬಹುದು. ಒಂದಕ್ಕೇ ಇದ್ದರೆ ಈ ಅಂಕಿಗಳೇ ದಾರಿ ತೋರುತ್ತವೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಂಗಡಿ ಹೊಕ್ಕರೆ ಮುಂದಿನ ಗೊಂದಲ ಆರಂಭ. “ಅಮ್ಮಾ, ಇದು ಐನೂರೈವತ್ತು, ಅದು ಮೂರೂವರೆ ಸಾವಿರ. ಅದನ್ನೇ ತೊಗೊಳ್ಳಿ” ಎಂದು ಅಂಗಡಿಯ ಹುಡುಗ ಹೇಳುವುದು ಬೆಲೆಯನ್ನಲ್ಲ, ಸೆಕೆಂಡಿಗೆ ಇಷ್ಟು ಮೆಗಾಬೈಟ್ ಎಂಬ ವೇಗವನ್ನು. “ನಮ್ಮ ಲ್ಯಾಪ್‌ಟಾಪಿಗೆ ಅದು ಹಿಡಿಯುತ್ತೇನಪ್ಪ?” ಎಂದು ಗೃಹಿಣಿ ತಿರುಗಿ ಕೇಳಿದಳೆಂದರೆ ಅರ್ಧ ಜಯ ಅಲ್ಲಿಯೇ. ಹಳೆಯ ಯಂತ್ರಗಳಲ್ಲಿ ಬಹಳಷ್ಟಕ್ಕೆ ‘ಸಾಟಾ’ ಎಂಬ ಜೋಡಣೆ ಮಾತ್ರ ಉಂಟು. ಅದರ ದಾರಿಯಲ್ಲಿ ಸುಮಾರು 550ಕ್ಕಿಂತ ಹೆಚ್ಚು ಹರಿಯದು. ‘ಎಂ.2’ ಎಂಬ ಕಿರಿಯ ಪಟ್ಟಿಯ ಗೂಡಿದ್ದರೂ, ಅದು ಸಾಟಾ ಬಗೆಯದೋ ವೇಗದ ‘ಎನ್‌ವಿಎಂಇ’ ಬಗೆಯದೋ ಎಂದು ನೋಡಿಯೇ ಕೊಳ್ಳಬೇಕು; ಆಕಾರವೊಂದೇ ಆದರೂ ಗುಣ ಬೇರೆ. ಇನ್ನು ಕೆಲವು ಅಗ್ಗದ ಯಂತ್ರಗಳಲ್ಲಿ ಸ್ಮೃತಿಯನ್ನು ಫಲಕಕ್ಕೇ ಬೆಸುಗೆ ಹಾಕಿರುವರು. ಅಲ್ಲಿ ಕೀಳುವ ಪ್ರಶ್ನೆಯೇ ಇಲ್ಲ.

ಆ ಮೂರೂವರೆ ಸಾವಿರವೆಂಬ ಅಂಕಿ ಸುಳ್ಳಲ್ಲ. ಆದರೆ ಅದು ದೊಡ್ಡ ಕಡತವೊಂದನ್ನು ನೆಟ್ಟಗೆ ಓದುವಾಗಿನ ವೇಗ. ಚಲನಚಿತ್ರ ಸಂಕಲನ ಮಾಡುವವರಿಗೆ ಅದು ಬೇಕು. ಪತ್ರ ಬರೆಯುವ, ಪಾಠ ಕೇಳುವ, ಲೆಕ್ಕ ಇಡುವ ಮನೆಗೆ ಬೇಕಾದುದು ಚದುರಿದ ಚೂರುಗಳನ್ನು ಬೇಗ ಆಯುವ ಗುಣ. ಅದರಲ್ಲಿ ತಟ್ಟೆಯಿಂದ ಸಾಟಾಗೆ ಬಂದಾಗ ಆಗುವ ವ್ಯತ್ಯಾಸದ ಮುಂದೆ, ಸಾಟಾದಿಂದ ಎನ್‌ವಿಎಂಇಗೆ ಹಾರುವುದರ ಲಾಭ ಕೆಲವು ಸೆಕೆಂಡುಗಳು ಮಾತ್ರ. ಆದುದರಿಂದ ಈಗಾಗಲೇ ಸಾಟಾ ಎಸ್‌ಎಸ್‌ಡಿ ಇದ್ದು, ಅದು ತುಂಬಿ ತುಳುಕದಿರುವಲ್ಲಿ, ಇನ್ನೂ ವೇಗದ್ದೆಂದು ಮತ್ತೆ ಹಣ ಸುರಿಯುವುದು ವ್ಯರ್ಥ. ಹಾಗೆಯೇ ಸಾವಿರ ರೂಪಾಯಿಗೆ ಹತ್ತಾರು ಟೆರಾಬೈಟು ಎಂದು ಅಂತರ್ಜಾಲದಲ್ಲಿ ಮಾರುವ ಡಬ್ಬಿಗಳನ್ನು ಮುಟ್ಟಲೇಬಾರದು. ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿರುವುದು ಸಾಧಾರಣ ಮೆಮೊರಿ ಕಾರ್ಡು.

ಎಸ್‌ಎಸ್‌ಡಿ ಬರೆದು ಬರೆದು ಸವೆಯುವುದಂತೆ ಎಂಬ ಭಯವೊಂದು ಬಳಕೆಯಲ್ಲಿದೆ. ಸವೆಯುವುದು ನಿಜವೇ, ಸೆರೆಯ ಗೋಡೆಗಳು ಪ್ರತಿ ಬರವಣಿಗೆಗೂ ತುಸು ತುಸು ಶಿಥಿಲವಾಗುತ್ತವೆ. ಆದರೆ ಲೆಕ್ಕ ಹಾಕಿದರೆ ಭಯ ಕರಗುವುದು. 2018ರಲ್ಲಿ ಬಂದ ಸ್ಯಾಮ್‌ಸಂಗ್ 860 ಈವೋ ಮಾದರಿಯ 250 ಗಿಗಾಬೈಟಿನದಕ್ಕೆ ಕಂಪನಿ ಕೊಟ್ಟ ಭರವಸೆ, 150 ಟೆರಾಬೈಟ್ ಬರವಣಿಗೆ ಅಥವಾ ಐದು ವರ್ಷ, ಯಾವುದು ಮೊದಲೋ ಅದು. ದಿನಕ್ಕೆ 20 ಗಿಗಾಬೈಟ್ ಬರೆದರೂ ವರ್ಷಕ್ಕೆ ಏಳು ಚಿಲ್ಲರೆ ಟೆರಾಬೈಟು. 150 ಮುಗಿಯಲು ಇಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಕೀಲುಗಳೇ ಉದುರಿಹೋಗಿರುತ್ತವೆ.

ಹೆದರಬೇಕಾದುದು ಬೇರೊಂದಕ್ಕೆ. ಹಳೆಯ ಹಾರ್ಡ್ ಡಿಸ್ಕು ಸಾಯುವ ಮುನ್ನ ಎಷ್ಟೋ ಬಾರಿ ಕಟಕಟ ಸದ್ದು ಮಾಡಿ, ಒಂದೆರಡು ಕಡತ ಕೆಡಿಸಿ, ಮನೆಯವರಿಗೆ ಸುಳಿವು ಕೊಡುವುದು. ಎಸ್‌ಎಸ್‌ಡಿಗೆ ಆ ಸೌಜನ್ಯವಿಲ್ಲ; ನಿನ್ನೆ ಇದ್ದುದು ಇಂದು ಇಲ್ಲವಾಗಬಹುದು. ಅಳಿಸಿದ ಕಡತವನ್ನು ಮರಳಿ ಪಡೆಯುವುದೂ ಇದರಲ್ಲಿ ಬಹು ಕಷ್ಟ, ಏಕೆಂದರೆ ಬಿಡುವಿನ ವೇಳೆಯಲ್ಲಿ ಅದು ತಾನೇ ಆ ಜಾಗವನ್ನು ಗುಡಿಸಿ ಸ್ವಚ್ಛ ಮಾಡಿಬಿಡುವುದು. ವಿದ್ಯುತ್ತಿಲ್ಲದೆ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟರೆ ಸೆರೆಯಲ್ಲಿರುವ ಎಲೆಕ್ಟ್ರಾನುಗಳು ಮೆಲ್ಲನೆ ಸೋರಿಹೋಗಬಹುದು, ಅದರಲ್ಲಿಯೂ ಬಹಳ ಬಳಸಿ ಸವೆದುದರಲ್ಲಿ. ಮಗಳ ನಾಮಕರಣದ ಚಿತ್ರಗಳು, ತೀರಿಕೊಂಡ ಹಿರಿಯರ ಧ್ವನಿ ಇವೆಲ್ಲ ಅದೊಂದರಲ್ಲೇ ಇದ್ದರೆ, ವೇಗಕ್ಕಾಗಿ ಕೊಟ್ಟ ಬೆಲೆ ಸಾವಿರಗಳ ಲೆಕ್ಕಕ್ಕೆ ನಿಲ್ಲದು.

ಮತ್ತೊಂದು ಮಾತು ರಿಪೇರಿಯವರು ಸಾಮಾನ್ಯವಾಗಿ ಎತ್ತುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಆದರೋ, 2017ರಲ್ಲಿ ಬಂದ ಇಂಟೆಲ್ ಎಂಟನೆಯ ತಲೆಮಾರಿಗಿಂತ ಹಿಂದಿನ ಸಿಪಿಯುಗಳನ್ನು ಒಂದೆರಡು ಅಪವಾದಗಳ ಹೊರತು ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾದರೆ ಹತ್ತು ವರ್ಷದ ಯಂತ್ರಕ್ಕೆ ಹಾಕಿದ ಹಣ ನೀರಿಗೆ ಹೋಮವೇ? ಬ್ಯಾಂಕಿನ ವ್ಯವಹಾರವನ್ನೆಲ್ಲ ಅದರಲ್ಲೇ ನಡೆಸುವ ಮನೆ ಇದನ್ನು ಯೋಚಿಸಲೇಬೇಕು. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದುವು ಉಚಿತವಾಗಿ ದೊರೆಯುತ್ತವೆ, ಹಳೆಯ ಯಂತ್ರಗಳ ಮೇಲೂ ಚೆನ್ನಾಗಿಯೇ ನಡೆಯುತ್ತವೆ. ಅವನ್ನು ಕಲಿಯುವ ಉತ್ಸಾಹವಿದ್ದರೆ ಎಸ್‌ಎಸ್‌ಡಿ ಇನ್ನೂ ನಾಲ್ಕೈದು ವರ್ಷ ದುಡಿದೀತು. ಆ ಉತ್ಸಾಹವಿಲ್ಲದ, ವಿಂಡೋಸ್ 11 ಹತ್ತದ ಮನೆಗೆ ಮಾತ್ರ ಮಕ್ಕಳ ಪಕ್ಷವೇ ಸರಿ. ಆ ಹಣವನ್ನು ಹೊಸದರ ಲೆಕ್ಕಕ್ಕೆ ಸೇರಿಸುವುದು ಲೇಸು. ಎಂಟನೆಯ ತಲೆಮಾರಿನದೋ ಅನಂತರದ್ದೋ ಆಗಿದ್ದು, ಒಳಗೆ ಇನ್ನೂ ತಟ್ಟೆಯೇ ತಿರುಗುತ್ತಿದ್ದರೆ ಹಿಂದೆಮುಂದೆ ನೋಡುವ ಕಾರಣವಿಲ್ಲ.

ಬೆಲೆ ಇಳಿಯುವುದೆಂದು ಕಾಯುವವರೂ ಉಂಟು. ಈ ಪೇಟೆಯ ನಡೆ ಮಳೆಗಾಲದ ತರಕಾರಿಯಂತೆ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಕಾರ್ಖಾನೆಗಳು ಮುಳುಗಿದಾಗ ಹಾರ್ಡ್ ಡಿಸ್ಕಿನ ಬೆಲೆ ಲೋಕದಲ್ಲೆಲ್ಲ ಏರಿತು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮೃತಿಯನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದುದರಿಂದ ಫ್ಲ್ಯಾಷ್, ರ‍್ಯಾಮ್ ಎರಡರ ಬೆಲೆಯೂ ಮೇಲೇರಿತು. ಅಗತ್ಯವಿರುವವರು ಅಂದಿನ ಬೆಲೆ ವಿಚಾರಿಸಿ, 250 ಅಥವಾ 500 ಗಿಗಾಬೈಟಿನದನ್ನು ಗ್ಯಾರಂಟಿ ಚೀಟಿ ಹಾಗೂ ಬಿಲ್ಲಿನೊಡನೆ ತರುವುದೇ ನೇರವಾದ ದಾರಿ. ಮುಂದೆ ಲ್ಯಾಪ್‌ಟಾಪೇ ಹೋದರೂ, ಇದನ್ನು ಕಿತ್ತು ಕವಚದೊಳಗಿಟ್ಟು ಬೇರೆ ಗಣಕಕ್ಕೆ ಸಿಕ್ಕಿಸಿಕೊಳ್ಳಬಹುದೆಂಬುದು ಲೆಕ್ಕಕ್ಕೆ ಸೇರಬೇಕಾದ ಅಂಶ.

ಬದಲಾವಣೆಯ ಕೆಲಸ ಹೆಚ್ಚಿನ ಯಂತ್ರಗಳಲ್ಲಿ ಅರ್ಧ ಗಂಟೆಯದು. ಹಳೆಯದರ ಪಡಿಯಚ್ಚನ್ನು ಹೊಸದಕ್ಕೆ ಇಳಿಸಲು ಇನ್ನೆರಡು ಮೂರು ಗಂಟೆ. ಅಂಗಡಿಯವನು ಕಿತ್ತ ಹಾರ್ಡ್ ಡಿಸ್ಕನ್ನು ಅಲ್ಲಿಯೇ ಬಿಟ್ಟುಬರಲಾಗದು. ಮನೆಯ ಗುಟ್ಟೆಲ್ಲ ಅದರಲ್ಲಿದೆ. ಕೆಲವು ನೂರು ರೂಪಾಯಿಗೆ ಯುಎಸ್‌ಬಿ ಕವಚವೊಂದು ಸಿಗುತ್ತದೆ. ಡಿಸ್ಕಿನ ಆರೋಗ್ಯವನ್ನು ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ದಂಥ ಉಚಿತ ತಂತ್ರಾಂಶದಿಂದ ನೋಡಿ, ಎಚ್ಚರಿಕೆಯ ಗುರುತೇನೂ ಇಲ್ಲದಿದ್ದರೆ, ಅದನ್ನು ಆ ಕವಚದೊಳಗೆ ಕೂರಿಸಿ ತಿಂಗಳಿಗೊಮ್ಮೆ ಚಿತ್ರಗಳನ್ನೂ ಕಾಗದಪತ್ರಗಳನ್ನೂ ನಕಲಿಳಿಸಿ ಎತ್ತಿಡಬಹುದು. ಆ ಕೆಲಸದಲ್ಲಿ ಅದು ನಿಧಾನವಾದರೆ ಯಾರಿಗೂ ಅವಸರವಿಲ್ಲ.