ಎರಡು ನೋಡ್ ಕ್ಲಸ್ಟರ್ ಕಟ್ತೀರಾ? ಸ್ಟೋನಿತ್ ಆಫ್ ಮಾಡ್ಬೇಡಿ

ಎರಡು ಸರ್ವರ್, ಒಂದು ಶೇರ್ಡ್ ಸ್ಟೋರೇಜ್ ಇಟ್ಕೊಂಡು ಲಿನಕ್ಸ್‌ನಲ್ಲಿ ಪೇಸ್‌ಮೇಕರ್, ಕೋರೋಸಿಂಕ್ ಬಳಸಿ ಕ್ಲಸ್ಟರ್ ಕಟ್ಟೋದನ್ನ ಇವತ್ತು ನೋಡೋಣ. ಕಮಾಂಡ್‌ಗಳನ್ನ ವಿಡಿಯೋದಲ್ಲಿ ಒಂದೊಂದಾಗಿ ತೋರಿಸಿದೀನಿ. ಇಲ್ಲಿ ಅವುಗಳ ಹಿಂದಿನ ಕಾರಣ ಹೇಳ್ತೀನಿ.

ನಮ್ಮ ಸೆಟಪ್ ಇಷ್ಟೇ. ಎರಡೂ ನೋಡ್‌ಗೆ ಐಸ್ಕಸಿ ಮೂಲಕ ಒಂದೇ ಲನ್ ಕಾಣುತ್ತೆ. ಅದರ ಮೇಲೆ ಎಕ್ಸ್‌ಎಫ್‌ಎಸ್, ಅದರೊಳಗೆ ಪೋಸ್ಟ್‌ಗ್ರೆಸ್ ಡೇಟಾ. ಒಂದು ಸಲಕ್ಕೆ ಒಂದೇ ನೋಡ್ ಮೌಂಟ್ ಮಾಡ್ಬೇಕು. ಅದು ಬಿದ್ರೆ ಇನ್ನೊಂದು ಡಿಸ್ಕ್ ಮೌಂಟ್ ಮಾಡಿ, ವರ್ಚುವಲ್ ಐಪಿ ತಗೊಂಡು, ಡೇಟಾಬೇಸ್ ಶುರು ಮಾಡ್ಬೇಕು.

ಮೊದಲನೇದು ಬಿತ್ತು ಅಂತ ಎರಡನೇದಕ್ಕೆ ಗೊತ್ತಾಗೋದು ಹೇಗೆ? ಕೋರೋಸಿಂಕ್ ಮೆಸೇಜ್ ಬರೋದು ನಿಂತಾಗ. ಆದ್ರೆ ಮೆಸೇಜ್ ನಿಂತ ಮಾತ್ರಕ್ಕೆ ಸರ್ವರ್ ಸತ್ತಿದೆ ಅಂತಲ್ಲ. ಸ್ವಿಚ್ ಪೋರ್ಟ್ ಕೆಟ್ಟಿರಬಹುದು, ಯಾರೋ ಫೈರ್‌ವಾಲ್ ರೂಲ್ ಬದಲಾಯಿಸಿರಬಹುದು. ಆ ಕಡೆ ಮೊದಲನೇ ನೋಡ್ ಆರಾಮಾಗಿ ಡಿಸ್ಕ್‌ಗೆ ಬರೀತಾನೇ ಇರುತ್ತೆ. ಈಗ ಎರಡನೇದೂ ಮೌಂಟ್ ಮಾಡಿದ್ರೆ ಅದೇ ಸ್ಪ್ಲಿಟ್ ಬ್ರೇನ್.

ಒಂದೇ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಹೇಳದೆ ಬರೆದ ಹಾಗೆ ಇದು. ಯಾವ ಹಾಳೆ ಖಾಲಿ ಇದೆ ಅಂತ ಇಬ್ಬರೂ ತಮ್ಮ ನೆನಪಿನ ಮೇಲೆ ನಡೀತಾರೆ, ಒಬ್ಬರ ಬರಹದ ಮೇಲೆ ಇನ್ನೊಬ್ಬರು ಬರೀತಾರೆ. ಎಕ್ಸ್‌ಎಫ್‌ಎಸ್ ಕೂಡ ಡಿಸ್ಕ್ ನನ್ನೊಬ್ಬನದೇ ಅಂತ ನಂಬುತ್ತೆ. ಹಾಳಾದ ಡೇಟಾ ಆಮೇಲೆ ಬ್ಯಾಕಪ್‌ನಿಂದಲೇ ಬರ್ಬೇಕು. ಜಿಎಫ್‌ಎಸ್2 ಹಾಕಿದ್ರೆ ಎರಡೂ ನೋಡ್ ಒಟ್ಟಿಗೆ ಮೌಂಟ್ ಮಾಡಬಹುದು. ಆದ್ರೆ ಈಗ ಹೇಳೋ ಫೆನ್ಸಿಂಗ್ ಅದಕ್ಕೂ ಬೇಕೇ ಬೇಕು.

ಮೂರು ನೋಡ್ ಇದ್ರೆ ಬಹುಮತ ನೋಡಿ ತೀರ್ಮಾನ ಮಾಡಬಹುದು. ಎರಡೇ ಓಟಿದ್ರೆ ಬಹುಮತ ಅಂದ್ರೂ ಎರಡೇ. ಅದಕ್ಕೇ ಕೋರೋಸಿಂಕ್‌ನಲ್ಲಿ ಟೂ-ನೋಡ್ ಅನ್ನೋ ಸೆಟ್ಟಿಂಗ್ ಇದೆ. ಒಂದೇ ಓಟು ಉಳಿದ್ರೂ ಕೋರಂ ಇದೆ ಅಂತ ಒಪ್ಕೊಳ್ಳುತ್ತೆ. ಅಂದ್ರೆ ಲಿಂಕ್ ಕಡಿದಾಗ ಎರಡೂ ಕಡೆಗೂ ಕೋರಂ ಇರುತ್ತೆ! ಜಗಳ ಬಿಡಿಸೋಕೆ ಉಳಿಯೋದು ಫೆನ್ಸಿಂಗ್ ಮಾತ್ರ.

ಅದರ ಇನ್ನೊಂದು ಹೆಸರು ಸ್ಟೋನಿತ್: ಶೂಟ್ ದಿ ಅದರ್ ನೋಡ್ ಇನ್ ದಿ ಹೆಡ್. ಐಪಿಎಂಐ ಮೂಲಕ ಆ ಕಡೆಯ ಸರ್ವರ್‌ನ ಪವರ್ ತೆಗೆದು, ಆಫ್ ಆಯ್ತು ಅಂತ ಖಾತ್ರಿಯಾದ ಮೇಲೇ ಡಿಸ್ಕ್ ಮುಟ್ಟೋದು. ಫೆನ್ಸ್ ಡಿವೈಸ್ ಇಲ್ಲದಿದ್ರೆ ಪೇಸ್‌ಮೇಕರ್ ರಿಸೋರ್ಸ್ ಶುರು ಮಾಡಲ್ಲ. ಎಷ್ಟೋ ಟ್ಯುಟೋರಿಯಲ್‌ಗಳು ಇಲ್ಲೇ ಸ್ಟೋನಿತ್-ಎನೇಬಲ್ಡ್ ಫಾಲ್ಸ್ ಅಂತ ಹಾಕ್ಸಿ ಮುಂದೆ ಹೋಗ್ತವೆ. ಲ್ಯಾಪ್‌ಟಾಪ್ ಡೆಮೋಗೆ ಸರಿ. ಗೋ-ಲೈವ್ ಅವಸರದಲ್ಲಿ ಅದೇ ಲೈನ್ ಪ್ರೊಡಕ್ಷನ್‌ಗೆ ಹೋದ್ರೆ ಕಥೆ ಮುಗೀತು.

ಇನ್ನು ಮೂರು ವಿಷಯ ನೆನಪಿಡಿ.

ಒಂದು, ಲಿಂಕ್ ಕಡಿದಾಗ ಎರಡೂ ಒಂದೇ ಸಲ ಗುಂಡು ಹಾರಿಸಿ ಎರಡೂ ಬೀಳಬಹುದು. ಯಾವ ನೋಡ್ ಉಳೀಬೇಕೋ ಅದನ್ನ ಕೊಲ್ಲೋ ಡಿವೈಸ್‌ಗೆ ಹತ್ತು ಸೆಕೆಂಡ್ ಡಿಲೇ ಕೊಡಿ.

ಎರಡು, ವೇಟ್-ಫಾರ್-ಆಲ್ ತೆಗೀಬೇಡಿ. ಟೂ-ನೋಡ್ ಜೊತೆ ಅದು ತಾನಾಗೇ ಆನ್ ಆಗಿರುತ್ತೆ. ಅದಿಲ್ಲದಿದ್ರೆ ರೀಬೂಟ್ ಆಗಿ ಬಂದ ನೋಡ್, ಲಿಂಕ್ ಇನ್ನೂ ಸರಿಯಾಗಿಲ್ಲದಿದ್ರೆ, ಚೆನ್ನಾಗಿರೋ ನೋಡನ್ನೇ ಹೊಡೆಯುತ್ತೆ.

ಮೂರು, ಸರ್ವರ್‌ಗೆ ಕರೆಂಟೇ ಹೋದ್ರೆ ಅದರೊಳಗಿನ ಐಪಿಎಂಐ ಕೂಡ ಸತ್ತಿರುತ್ತೆ. ಫೆನ್ಸಿಂಗ್ ಖಾತ್ರಿಯಾಗಲ್ಲ, ಕ್ಲಸ್ಟರ್ ಕಾಯ್ತಾ ಕೂರುತ್ತೆ. ಎರಡನೇ ಹಂತವಾಗಿ ರಿಮೋಟ್‌ನಲ್ಲಿ ಆಫ್ ಮಾಡಬಹುದಾದ ಪಿಡಿಯು ಅಥವಾ ಸ್ಟೋರೇಜ್ ಒಪ್ಪಿದ್ರೆ ಸ್ಕಸಿ ರಿಸರ್ವೇಶನ್ ಫೆನ್ಸಿಂಗ್ ಇಡಿ.

ಟೆಸ್ಟ್ ಮಾಡುವಾಗ ನೋಡನ್ನ ನೀಟಾಗಿ ಶಟ್‌ಡೌನ್ ಮಾಡಿ ಪಾಸ್ ಅನ್ಬೇಡಿ. ಕೋರೋಸಿಂಕ್ ಹೋಗೋ ಕೇಬಲ್ ಕೀಳಿ, ಕರ್ನಲ್ ಕ್ರಾಶ್ ಮಾಡಿಸಿ, ಪವರ್ ಕಾರ್ಡ್ ತೆಗೀರಿ. ಮೂರರಲ್ಲೂ ಒಂದೇ ನೋಡ್ ಮೌಂಟ್ ಮಾಡಿಕೊಂಡಿದ್ರೆ ಮಾತ್ರ ಸೈನ್-ಆಫ್ ಕೊಡಿ. ಸರ್ವಿಸ್ ಹತ್ತು ನಿಮಿಷ ನಿಂತ್ರೆ ಮ್ಯಾನೇಜರ್‌ಗೆ ವಿವರಣೆ ಕೊಟ್ಟು ಬಚಾವಾಗಬಹುದು, ಡೇಟಾ ಹೋದ್ರೆ ಆಗಲ್ಲ. ಮುಂದಿನ ವಿಡಿಯೋದಲ್ಲಿ ಸಿಗೋಣ.