ಎರಡು ಮಳಿಗೆ, ಒಂದು ಪಟ್ಟಿ

ಗೋಕಾಕದ ಕರದಂಟು ತಯಾರಕರೊಬ್ಬರು ಮೂಡಲಗಿ, ಹುಕ್ಕೇರಿ ಮಳಿಗೆಗಳ ಮಾರಾಟವನ್ನು ಗಣಕಯಂತ್ರದಲ್ಲಿ ಎರಡು ಪ್ರತ್ಯೇಕ ಕೋಷ್ಟಕಗಳಲ್ಲಿ ಇರಿಸಿದ್ದಾರೆನ್ನಿ. ತಿಂಗಳ ಕೊನೆಗೆ ಒಂದೇ ಪಟ್ಟಿ ಬೇಕು. ಜಾಲತಾಣ ತಂತ್ರಾಂಶ ರಚಿಸುವ ಜಾಂಗೋ ಚೌಕಟ್ಟಿನಲ್ಲಿ ಇದಕ್ಕೆಂದೇ 2017ರಿಂದ ‘ಯೂನಿಯನ್’ ಸೌಲಭ್ಯವಿದೆ. ದಿನಾಂಕ, ಸರಕು, ಮೊತ್ತ ಈ ಅಂಕಣಗಳನ್ನು ಎರಡೂ ಕಡೆಯಿಂದ ಒಂದೇ ಕ್ರಮದಲ್ಲಿ ಆರಿಸಿಕೊಂಡರಾಯಿತು.

ತೊಡಕು ಇರುವುದು ಮುಂದೆ. ತದ್ರೂಪವಾದ ಸಾಲುಗಳನ್ನು ಯೂನಿಯನ್ ಒಂದಾಗಿಸಿಬಿಡುತ್ತದೆ. ಒಂದೇ ದಿನ ಎರಡೂ ಮಳಿಗೆಗಳಲ್ಲಿ 500 ರೂಪಾಯಿಯ ಕರದಂಟು ಮಾರಾಟವಾಗಿದ್ದರೆ ಪಟ್ಟಿಯಲ್ಲಿ ಉಳಿಯುವುದು ಒಂದೇ. ಮೊತ್ತದಲ್ಲಿ 500 ಖೋತಾ. ಅದರಿಂದ ಸಿದ್ಧಪಡಿಸಿದ ಜಿಎಸ್‌ಟಿ ರಿಟರ್ನ್ ಸಹ ತಪ್ಪು. ಕೈಬರಹದ ಕೀರ್ದಿಯಲ್ಲಿ ಯಾವ ಗುಮಾಸ್ತರೂ ಹೀಗೆ ಮಾಡುತ್ತಿರಲಿಲ್ಲ!

‘ಆಲ್’ ಎಂಬುದನ್ನು ‘ಟ್ರೂ’ ಎಂದಿಟ್ಟರೆ ಎಲ್ಲ ಸಾಲುಗಳೂ ಉಳಿಯುತ್ತವೆ. ಮಳಿಗೆಯ ಹೆಸರು ಮತ್ತು ಬಿಲ್ ಸಂಖ್ಯೆಯ ಅಂಕಣಗಳನ್ನೂ ಸೇರಿಸುವುದು ಲೇಸು; ಲೆಕ್ಕ ಪರಿಶೋಧಕರು ಕೇಳುವುದು ಅದನ್ನೇ.